ಗೋಡೆಗೆ ತಾಗಿಯೇ ಸಿಡಿಯಬೇಕು: ಬಾರ್ನ್ಸ್ ವಾಲಿಸ್ ಮತ್ತು ಪುಟಿಯುವ ಬಾಂಬಿನ ಪ್ರಕರಣ

ಈ ಕಥೆ ಹೇಳುವವರೆಲ್ಲ ಗೋಲಿಯಿಂದ ಶುರು ಮಾಡುತ್ತಾರೆ. 1942ರ ಏಪ್ರಿಲ್. ಇಂಗ್ಲೆಂಡಿನ ಸರ್ರೆ ಸೀಮೆಯ ಎಫಿಂಗ್‌ಹ್ಯಾಮ್ ಎಂಬ ಊರು. 54 ವರ್ಷದ ಒಬ್ಬ ಎಂಜಿನಿಯರ್ ಮಕ್ಕಳ ಗೋಲಿಗಳನ್ನು ಇಸಕೊಂಡು ಮನೆಯ ಹೊರಗಡೆ ನಿಂತಿದ್ದಾರೆ. ಒಂದು ತೊಟ್ಟಿಯಲ್ಲಿ ನೀರು ತುಂಬಿದೆ. ಗೋಲಿಯನ್ನು ಓರೆಯಾಗಿ ಹಾರಿಸುತ್ತಾರೆ, ಅದು ನೀರಿಗೆ ತಾಗಿ ಪುಟಿದು ಆಚೆ ಹೋಗುತ್ತದೆ. ಎಷ್ಟು ಎತ್ತರಕ್ಕೆ ಪುಟಿಯಿತು, ಎಲ್ಲಿ ಬಿತ್ತು ಎಂದು ಬರೆದುಕೊಳ್ಳುತ್ತಾರೆ. ಮತ್ತೆ ಹಾರಿಸುತ್ತಾರೆ. ಹದಿಮೂರು ತಿಂಗಳ ನಂತರ ಜರ್ಮನಿಯ ಎರಡು ದೊಡ್ಡ ಅಣೆಕಟ್ಟುಗಳು ಒಂದೇ ರಾತ್ರಿ ಒಡೆದು ಹೋದವು.

ಕೇಳುವುದಕ್ಕೆ ಚೆನ್ನಾಗಿದೆ. ನಡೆದದ್ದೂ ನಿಜ. ಆದರೆ ಗೋಲಿಯಿಂದ ಶುರು ಮಾಡಿದರೆ, ತಲೆಯಲ್ಲಿ ಮಿಂಚಿನ ಹಾಗೆ ಏನೋ ಹೊಳೆಯಿತು, ಮಿಕ್ಕಿದ್ದೆಲ್ಲ ತಾನಾಗಿ ಆಯಿತು ಅನ್ನಿಸಿಬಿಡುತ್ತದೆ. ಅದಕ್ಕೇ ನಾನು ಅಣೆಕಟ್ಟಿನ ಗೋಡೆಯಿಂದ ಶುರು ಮಾಡುತ್ತೇನೆ. ಬಾರ್ನ್ಸ್ ವಾಲಿಸ್ ಕೂಡ ಶುರು ಮಾಡಿದ್ದು ಅಲ್ಲಿಂದಲೇ.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ

ಬಾರ್ನ್ಸ್ ನೆವಿಲ್ ವಾಲಿಸ್ ಹುಟ್ಟಿದ್ದು 1887ರ ಸೆಪ್ಟೆಂಬರ್ 26ರಂದು, ಡರ್ಬಿಶೈರ್‌ನ ರಿಪ್ಲಿಯಲ್ಲಿ. ಅಪ್ಪ ಡಾಕ್ಟರು. ಓದಿದ್ದು ಕ್ರೈಸ್ಟ್ಸ್ ಹಾಸ್ಪಿಟಲ್‌ನಲ್ಲಿ. ಹೆಸರು ಕೇಳಿದರೆ ಆಸ್ಪತ್ರೆ ಅನಿಸುತ್ತದೆ, ಅದು ಶಾಲೆ. ಈ ಶಾಲೆ ಕೊನೆಯಲ್ಲಿ ಮತ್ತೆ ಬರುತ್ತದೆ. 17ನೇ ವಯಸ್ಸಿಗೇ ಶಾಲೆ ಬಿಟ್ಟು ಎಂಜಿನ್ ಕಾರ್ಖಾನೆಗೆ ಸೇರಿದರು. ಅಲ್ಲಿಂದ ವೈಟ್ ದ್ವೀಪದಲ್ಲಿ ಹಡಗು ಕಟ್ಟುವ ಕಂಪನಿಗೆ ಹೋದರು. ಲಂಡನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಡಿಗ್ರಿ ಸಿಕ್ಕಿದ್ದು 1922ರಲ್ಲಿ. ಅದೂ ಕಾಲೇಜಿಗೆ ಹೋಗದೆ, ಖಾಸಗಿಯಾಗಿ ಪರೀಕ್ಷೆ ಕಟ್ಟಿ. ಅಂದರೆ ಕೈಗೆ ಕೆಲಸ ಮೊದಲು ಬಂತು, ಡಿಗ್ರಿ ಆಮೇಲೆ ಬಂತು.

1913ರಲ್ಲಿ ವಿಕರ್ಸ್ ಕಂಪನಿ ಸೇರಿ, ಹಗುರವಾದ ಅನಿಲ ತುಂಬಿ ತೇಲಿಸುವ ವಾಯುನೌಕೆಗಳ ವಿನ್ಯಾಸಕ್ಕೆ ಕೈ ಹಾಕಿದರು. ಅವರ ಆರ್-100 ವಾಯುನೌಕೆ 1930ರಲ್ಲಿ ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ವಾಪಸ್ ಬಂತು. ಅದೇ ವರ್ಷ ಸರ್ಕಾರದವರೇ ಕಟ್ಟಿದ್ದ ಆರ್-101 ಕರಾಚಿಗೆ ಹೊರಟು, ದಾರಿಯಲ್ಲಿ ಫ್ರಾನ್ಸಿನಲ್ಲಿ ಬಿದ್ದು ಉರಿದು 48 ಜನ ಸತ್ತರು. ಅಲ್ಲಿಗೆ ಬ್ರಿಟನ್ನಿನಲ್ಲಿ ವಾಯುನೌಕೆಗಳ ಕಾಲವೇ ಮುಗಿಯಿತು. ಏನೂ ತಪ್ಪು ಮಾಡದ ಆರ್-100 ಕೂಡ ಗುಜರಿಗೆ ಹೋಯಿತು.

ವಾಲಿಸ್ ವಿಮಾನಕ್ಕೆ ಬಂದರು. ವಾಯುನೌಕೆಯಿಂದ ಕಲಿತ ಒಂದು ಪಾಠವನ್ನು ಜೊತೆಗೆ ತಂದರು. ಹಗುರವಾದ ಲೋಹದ ಪಟ್ಟಿಗಳನ್ನು ಬುಟ್ಟಿ ಹೆಣೆದ ಹಾಗೆ ಅಡ್ಡಡ್ಡ ಹೆಣೆದು ವಿಮಾನದ ಮೈ ಮಾಡಬಹುದು, ಮೇಲೆ ಬಟ್ಟೆ ಹೊದಿಸಿದರೆ ಸಾಕು. ಇದನ್ನು ಜಿಯೋಡೆಟಿಕ್ ರಚನೆ ಎನ್ನುತ್ತಾರೆ. ಬುಟ್ಟಿಯಲ್ಲಿ ಒಂದೆರಡು ಕಡ್ಡಿ ಮುರಿದರೆ ಬುಟ್ಟಿ ಬಿಚ್ಚಿಕೊಳ್ಳುವುದಿಲ್ಲ, ಅಲ್ವಾ? ಹಾಗೆಯೇ ಇದು. ಈ ರೀತಿ ಕಟ್ಟಿದ ವೆಲಿಂಗ್ಟನ್ ಬಾಂಬರ್‌ಗಳು ಮೈತುಂಬ ತೂತು ಮಾಡಿಸಿಕೊಂಡೂ ಮನೆಗೆ ಮರಳುತ್ತಿದ್ದವು. 11,000ಕ್ಕೂ ಜಾಸ್ತಿ ವೆಲಿಂಗ್ಟನ್‌ಗಳು ತಯಾರಾದವು. ಹಾಗಾಗಿ 1942ರಲ್ಲಿ ಗೋಲಿ ಹಿಡಿದು ನಿಂತವರು ಯಾರೋ ಮೂಲೆಯ ಹುಚ್ಚು ಸಂಶೋಧಕ ಆಗಿರಲಿಲ್ಲ. ದೊಡ್ಡ ಕಂಪನಿಯ ದೊಡ್ಡ ಎಂಜಿನಿಯರ್ ಆಗಿದ್ದರು.

ಗೋಡೆ

ಜರ್ಮನಿಯ ರೂರ್ ಪ್ರದೇಶ ಕಲ್ಲಿದ್ದಲಿಗೆ, ಉಕ್ಕಿಗೆ ಹೆಸರಾದದ್ದು. ಉಕ್ಕು ಮಾಡಲು ನೀರು ಬೇಕು. ಒಂದು ಟನ್ ಉಕ್ಕಿಗೆ ನೂರು ಟನ್ನಿನಷ್ಟು ನೀರು ಬೇಕೆಂಬುದು ವಾಲಿಸ್ ಹಿಡಿದುಕೊಂಡಿದ್ದ ಲೆಕ್ಕ. ಆ ನೀರನ್ನು ಹಿಡಿದಿಡುತ್ತಿದ್ದ ಮುಖ್ಯ ಅಣೆಕಟ್ಟು ಮೋನೆ. ಪಕ್ಕದ ಕಣಿವೆಗಳಲ್ಲಿ ಸೋರ್ಪೆ, ಇನ್ನೂ ಪೂರ್ವಕ್ಕೆ ಏಡರ್. ಮೋನೆಯಲ್ಲಿ 13.4 ಕೋಟಿ ಘನ ಮೀಟರ್ ನೀರು, ನಮ್ಮ ಪತ್ರಿಕೆಗಳ ಲೆಕ್ಕದಲ್ಲಿ ಸುಮಾರು 4.7 ಟಿಎಂಸಿ. ಏಡರ್‌ನಲ್ಲಿ 7 ಟಿಎಂಸಿ ದಾಟುತ್ತದೆ.

ಮೋನೆಯನ್ನು ಕಟ್ಟಿದ್ದು 1908ರಿಂದ 1913ರವರೆಗೆ. ಕಲ್ಲಿನ ಕಟ್ಟೆ, 40 ಮೀಟರ್ ಎತ್ತರ, 650 ಮೀಟರ್ ಉದ್ದ. ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಶುರುವಾದ ನಮ್ಮ ಕನ್ನಂಬಾಡಿ ಕಟ್ಟೆಯಷ್ಟೇ ಎತ್ತರ, ಉದ್ದದಲ್ಲಿ ಅದರ ಕಾಲು ಭಾಗ. ಬುಡದಲ್ಲಿ ದಪ್ಪ 34 ಮೀಟರ್. ಇಂಥ ಕಟ್ಟೆ ನೀರನ್ನು ತಡೆಯುವುದು ಬರೀ ತನ್ನ ಭಾರದಿಂದ. ಹಾಗಾಗಿ ಇದನ್ನು ಅಲುಗಾಡಿಸುವುದೇ ಕಷ್ಟ.

ಅಣೆಕಟ್ಟು ಒಡೆಯುವ ಯೋಚನೆ ವಾಲಿಸ್ ಅವರದ್ದಲ್ಲ. ಯುದ್ಧಕ್ಕೆ ಮೊದಲೇ ಬ್ರಿಟನ್ನಿನ ವಾಯು ಸಚಿವಾಲಯ ಇದೇ ಕಟ್ಟೆಗಳನ್ನು ಪಟ್ಟಿ ಮಾಡಿಟ್ಟಿತ್ತು. ಹೇಗೆ ಒಡೆಯುವುದು ಎಂಬಲ್ಲಿ ಎಲ್ಲರೂ ಕೈಚೆಲ್ಲಿದ್ದರು. ಎತ್ತರದಿಂದ ಬಾಂಬು ಹಾಕಿದರೆ ಗುರಿ ತಪ್ಪುತ್ತದೆ. ಆ ಕಾಲದ ರಾತ್ರಿ ದಾಳಿಗಳಲ್ಲಿ ಒಂದು ಊರಿಗೆ ಗುರಿಯಿಡುವುದೇ ಹರಸಾಹಸವಾಗಿತ್ತು, ಇನ್ನು ಒಂದು ಗೋಡೆಗೆ ಎಲ್ಲಿ? ನೀರಿನೊಳಗೆ ಓಡಿ ಹೋಗಿ ಸಿಡಿಯುವ ಟಾರ್ಪಿಡೊ ಬಿಡೋಣ ಎಂದರೆ ಜರ್ಮನ್ನರು ಕಟ್ಟೆಯ ಮುಂದೆ ನೀರಿನಲ್ಲಿ ಬಲೆ ಇಳಿಬಿಟ್ಟಿದ್ದರು.

ವಾಲಿಸ್ ಕೊಟ್ಟ ಮೊದಲ ಉತ್ತರ ಬೇರೆಯೇ ಇತ್ತು. 1941ರ ಮಾರ್ಚ್‌ನಲ್ಲಿ ಒಂದು ಉದ್ದ ಟಿಪ್ಪಣಿ ಬರೆದು ಹಂಚಿದರು. ಹತ್ತು ಟನ್ ತೂಕದ ಬಾಂಬು ಮಾಡೋಣ. 40,000 ಅಡಿ ಎತ್ತರದಿಂದ ಬೀಳಿಸೋಣ. ಅದು ನೆಲದೊಳಗೆ ಆಳಕ್ಕೆ ಹೊಕ್ಕು ಸಿಡಿದರೆ ಸುತ್ತಲಿನ ಭೂಮಿಯೇ ನಡುಗಿ ಕಟ್ಟೆ ಬೀಳುತ್ತದೆ. ಅದನ್ನು ಹೊರಲು ಆರು ಎಂಜಿನ್ನಿನ ಹೊಸ ವಿಮಾನ ಬೇಕು, ಅದನ್ನೂ ನಾನೇ ಮಾಡಿಕೊಡುತ್ತೇನೆ. ವಾಯುಪಡೆ ಬೇಡ ಎಂದಿತು.

ಇದನ್ನು ಅಧಿಕಾರಿಗಳ ದಡ್ಡತನ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದೇ ಬಾಂಬು ಹೊರುವುದಕ್ಕಾಗಿ ಇನ್ನೂ ಕಾಗದದ ಮೇಲೂ ಪೂರ್ತಿ ಮೂಡದ ವಿಮಾನಕ್ಕೆ ಯುದ್ಧದ ನಡುವೆ ಕಾರ್ಖಾನೆ ಒಪ್ಪಿಸಲು ಯಾವ ಜವಾಬ್ದಾರಿಯುತ ಅಧಿಕಾರಿ ಒಪ್ಪುತ್ತಾನೆ? ಆದರೂ ಟಿಪ್ಪಣಿ ಪೂರ್ತಿ ವ್ಯರ್ಥವಾಗಲಿಲ್ಲ. ಅಣೆಕಟ್ಟಿನ ದಾಳಿಯನ್ನು ಪರಿಶೀಲಿಸಲು ಒಂದು ಸಮಿತಿ ಆಯಿತು. ಸಮಿತಿ ಎಂದರೆ ವಿಷಯ ಸತ್ತಿತು ಎಂದೇ ನಾವು ಓದಿಕೊಳ್ಳುತ್ತೇವೆ. ಇಲ್ಲಿ ಉಲ್ಟಾ ಆಯಿತು. ಸಮಿತಿ ಪ್ರಯೋಗಕ್ಕೆ ದಾರಿ ಮಾಡಿಕೊಟ್ಟಿತು.

ಎಲ್ಲವನ್ನೂ ತಿರುಗಿಸಿದ ಒಂದು ಸಂಖ್ಯೆ

ರಸ್ತೆ ಸಂಶೋಧನಾ ಪ್ರಯೋಗಾಲಯ ಎಂಬ ಸಂಸ್ಥೆಯಲ್ಲಿ ಎ.ಆರ್. ಕಾಲಿನ್ಸ್ ಎಂಬ ವಿಜ್ಞಾನಿ ಇದ್ದರು. ಕಾಂಕ್ರೀಟಿನ ಮನುಷ್ಯ. ಚಿಕ್ಕ ಚಿಕ್ಕ ಮಾದರಿ ಕಟ್ಟೆಗಳನ್ನು ಕಟ್ಟಿ, ಹಿಂದೆ ನೀರು ನಿಲ್ಲಿಸಿ, ನೀರಿನಲ್ಲಿ ಪುಟ್ಟ ಸಿಡಿಮದ್ದು ಇಟ್ಟು ಸಿಡಿಸುವುದು ಅವರ ಕೆಲಸ. ಮತ್ತೊಂದು ಸಂಸ್ಥೆ ವಾಟ್ಫರ್ಡ್ ಹತ್ತಿರದ ಗಾರ್ಸ್ಟನ್‌ನಲ್ಲಿ ಮೋನೆಯದೇ 50ರಲ್ಲಿ 1 ಅಳತೆಯ ಮಾದರಿ ಕಟ್ಟಿತು. ಚಿಕ್ಕ ಚಿಕ್ಕ ಗಾರೆ ಇಟ್ಟಿಗೆ ಜೋಡಿಸಿ, ಥೇಟ್ ಕಟ್ಟೆಯ ಹಾಗೆ.

ಮೊದಲ ಪ್ರಯೋಗಗಳು ನಿರಾಸೆ ತಂದವು. ಗೋಡೆಯಿಂದ ಸ್ವಲ್ಪ ದೂರದಲ್ಲಿ ಸಿಡಿದರೆ ಬಿರುಕು ಬೀಳುತ್ತಿತ್ತೇ ಹೊರತು ಕಟ್ಟೆ ಒಡೆಯುತ್ತಿರಲಿಲ್ಲ. ಒಡೆಯಬೇಕೆಂದರೆ ಬೇಕಾಗುವ ಮದ್ದು ಆಗಿನ ಯಾವ ವಿಮಾನವೂ ಹೊರಲಾರದಷ್ಟು. ಆಮೇಲೆ ಕಾಲಿನ್ಸ್ ಆಗಲೇ ಹಾಳಾಗಿದ್ದ ಒಂದು ಮಾದರಿಯ ಗೋಡೆಗೆ ಮದ್ದನ್ನು ತಾಗಿಸಿಯೇ ಸಿಡಿಸಿದರು. ಪರಿಣಾಮ ಅವರೇ ಎಣಿಸಿದ್ದಕ್ಕಿಂತ ಎಷ್ಟೋ ಜಾಸ್ತಿ.

ಕಾರಣ ಸರಳ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಗೋಡೆಗೆ ತಾಗಿಕೊಂಡು ನೀರಿನ ಆಳದಲ್ಲಿ ಮದ್ದು ಸಿಡಿದಾಗ, ಹಿಂದಿರುವ ನೀರಿನ ರಾಶಿ ಬೆನ್ನು ಕೊಟ್ಟು ನಿಂತ ಹಾಗಿರುತ್ತದೆ. ಸ್ಫೋಟದ ಬಲ ಗೋಡೆಯ ಕಡೆಗೇ ನುಗ್ಗುತ್ತದೆ. ಕೆಲವೇ ಅಡಿ ದೂರ ಸರಿದರೂ ಆ ಲಾಭ ಹೋಯಿತು.

1942ರ ಜುಲೈ 24ರಂದು ವೇಲ್ಸ್‌ನ ನಾಂಟ್-ಇ-ಗ್ರೋ ಎಂಬ ಕಡೆ ನಿಜವಾದ ಕಟ್ಟೆಯ ಮೇಲೆ ಇದನ್ನು ಪರೀಕ್ಷಿಸಿದರು. ಬಳಕೆ ತಪ್ಪಿದ್ದ ಚಿಕ್ಕ ಕಟ್ಟೆ ಅದು. 279 ಪೌಂಡ್ ಮದ್ದು, ಗೋಡೆಗೆ ತಾಗಿಸಿ, ನೀರಿನ ಒಳಗೆ. ನಡುವಿನ ಭಾಗವೇ ಎದ್ದು ಹೋಯಿತು. ಇದರಿಂದ ಮೋನೆಗೆ ಲೆಕ್ಕ ಹಾಕಿದಾಗ ಬಂದ ಸಂಖ್ಯೆ ಸುಮಾರು 7,500 ಪೌಂಡ್, ಅಂದರೆ ಮೂರೂವರೆ ಟನ್‌ಗೆ ಸ್ವಲ್ಪ ಕಡಿಮೆ. ಅಷ್ಟನ್ನು ಬ್ರಿಟನ್ನಿನ ನಾಲ್ಕು ಎಂಜಿನ್ನಿನ ಬಾಂಬರ್ ಲ್ಯಾಂಕಾಸ್ಟರ್ ಹೊರಬಲ್ಲದು.

ಇಡೀ ಪ್ರಕರಣದ ತಿರುವು ಇಲ್ಲಿದೆ ಎಂಬುದು ನನ್ನ ಎಣಿಕೆ. ಪುಟಿಯುವುದು ಆಮೇಲಿನ ಮಾತು. ಹತ್ತು ಟನ್ನಿನ ಸಮಸ್ಯೆಯನ್ನು ಮೂರೂವರೆ ಟನ್ನಿಗೆ ಇಳಿಸಿದ ಈ ಪ್ರಯೋಗ ಇಲ್ಲದಿದ್ದರೆ ಗೋಲಿ ಮಕ್ಕಳ ಆಟವಾಗಿಯೇ ಉಳಿಯುತ್ತಿತ್ತು. ಜನ ಕಾಲಿನ್ಸ್ ಹೆಸರು ಹೇಳುವುದು ಕಡಿಮೆ.

ಈಗ ಗೋಲಿ

ಸಮಸ್ಯೆ ಈಗ ಹೀಗಾಯಿತು: ಮದ್ದನ್ನು ಬಲೆಗಳ ಮೇಲಿಂದ ದಾಟಿಸಬೇಕು, ಗೋಡೆಗೆ ತಾಗಿಸಬೇಕು, 30 ಅಡಿ ಆಳಕ್ಕೆ ಇಳಿಸಬೇಕು, ಆಮೇಲೆ ಸಿಡಿಯಬೇಕು. ಪ್ರಶ್ನೆಯನ್ನು ಇಷ್ಟು ನಿಖರವಾಗಿ ಕೇಳಿಕೊಂಡರೆ ಉತ್ತರ ಅರ್ಧ ಸಿಕ್ಕಂತೆಯೇ. ಕೆರೆ ದಂಡೆಯಲ್ಲಿ ಚಪ್ಪಟೆ ಕಲ್ಲು ಬೀಸಿ ನೀರಿನ ಮೇಲೆ ಕುಪ್ಪಳಿಸಿದ ಯಾರಿಗಾದರೂ ಗೊತ್ತು, ಓರೆ ಕಡಿಮೆಯಿದ್ದು ವೇಗ ಜಾಸ್ತಿಯಿದ್ದರೆ ಕಲ್ಲು ಮುಳುಗುವುದಿಲ್ಲ. ಹಳೆಯ ಕಾಲದ ನೌಕಾಪಡೆಯ ತೋಪುಗಾರರಿಗೂ ಇದು ಗೊತ್ತಿತ್ತು. ಗುಂಡನ್ನು ನೀರಿಗೆ ತಾಗಿಸಿ ಪುಟಿಸಿದರೆ ಜಾಸ್ತಿ ದೂರ ಹೋಗುತ್ತದೆ ಎಂದು ಹಾಗೆಯೇ ಹೊಡೆಯುತ್ತಿದ್ದರು. ವಾಲಿಸ್ ಅದನ್ನು ನೆನಪಿಸಿಕೊಂಡು ಗುಂಡನೆಯ ಬಾಂಬಿನ ಬಗ್ಗೆ ಬರೆದ ಹೊಸ ಟಿಪ್ಪಣಿಯಲ್ಲಿ ಹೇಳಿದರು.

ಮನೆಯ ತೊಟ್ಟಿಯಿಂದ ಕೆಲಸ ಟೆಡಿಂಗ್ಟನ್‌ನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಹಡಗಿನ ಮಾದರಿಗಳನ್ನು ಪರೀಕ್ಷಿಸುವ ಉದ್ದನೆಯ ನೀರಿನ ಕಾಲುವೆ ಇತ್ತು. ಬೇರೆ ಬೇರೆ ಗಾತ್ರ, ತೂಕ, ವೇಗದ ಗುಂಡುಗಳನ್ನು ಸಾಲಾಗಿ ಹಾರಿಸಿದರು.

ಒಂದು ಅಂಶ ಮುಖ್ಯ. ಗುಂಡು ಹಿಮ್ಮುಖವಾಗಿ ಸುತ್ತುತ್ತಿರಬೇಕು. ಚಕ್ರ ಮುಂದೆ ಉರುಳುವ ದಿಕ್ಕಿಗೆ ವಿರುದ್ಧವಾಗಿ. ಇದರಿಂದ ಮೂರು ಲಾಭ ಸಿಕ್ಕವು. ಬುಗುರಿಯ ಹಾಗೆ ಸ್ಥಿರವಾಗಿ ನಿಲ್ಲುತ್ತದೆ, ಹೊರಳಾಡುವುದಿಲ್ಲ. ನೀರಿಗೆ ತಾಗಿದಾಗ ಮೇಲೆ ಎತ್ತುವ ಬಲ ಜಾಸ್ತಿ, ಹಾಗಾಗಿ ದೂರ ಹೋಗುತ್ತದೆ. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಗೋಡೆಗೆ ಹೊಡೆದು ಹಿಂದೆ ಪುಟಿದರೂ, ಆ ಸುತ್ತಿನಿಂದಾಗಿ ಮತ್ತೆ ಗೋಡೆಯ ಕಡೆಗೇ ಎಳೆದುಕೊಂಡು, ಅದರ ಮೈಗೆ ಒತ್ತಿಕೊಂಡೇ ಕೆಳಗೆ ಇಳಿಯುತ್ತದೆ. ಕಾಲಿನ್ಸ್ ಹೇಳಿದ ‘ತಾಗಿಕೊಂಡಿರಬೇಕು’ ಎಂಬ ಷರತ್ತು ತಾನಾಗಿಯೇ ಈಡೇರಿತು.

ಹಿಮ್ಮುಖ ಸುತ್ತಿನ ಐಡಿಯಾ ಯಾರದ್ದು ಎಂಬ ಬಗ್ಗೆ ಜಗಳವಿದೆ. ವಿಕರ್ಸ್‌ನಲ್ಲೇ ಇದ್ದ ಜಾರ್ಜ್ ಎಡ್ವರ್ಡ್ಸ್ ಕ್ರಿಕೆಟ್ ಆಡುತ್ತಿದ್ದರು, ಸ್ಪಿನ್ ಬೌಲರ್. ಅದನ್ನು ಸೂಚಿಸಿದ್ದು ತಾನೇ ಎಂದು ಅವರು ಹೇಳಿಕೊಂಡಿದ್ದಾರೆ. ಚೆಂಡಿಗೆ ಸುತ್ತು ಕೊಟ್ಟರೆ ಪುಟಿತ ಹೇಗೆ ಬದಲಾಗುತ್ತದೆ ಎಂದು ಸ್ಪಿನ್ನರ್‌ಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಜಗಳ ಅಲ್ಲಿಗೇ ಬಿಡೋಣ.

‘ಬೇಡ’ ಎಂದವರು

1942ರ ಡಿಸೆಂಬರ್ 4ರಂದು ದಕ್ಷಿಣ ಕರಾವಳಿಯ ಚೆಸಿಲ್ ಬೀಚ್ ಬಳಿ ವೆಲಿಂಗ್ಟನ್‌ನಿಂದ ಮೊದಲ ಗುಂಡುಗಳನ್ನು ಬೀಳಿಸಿದರು. ವಿಮಾನದಲ್ಲಿ ಗುಂಡು ಬಿಡುವ ಕೆಲಸಕ್ಕೆ ಕೂತಿದ್ದು ಖುದ್ದು ವಾಲಿಸ್. ನೀರಿಗೆ ಬಡಿದ ಕೂಡಲೇ ಹೊರ ಕವಚ ಒಡೆದು ಹೋಯಿತು. ಕವಚ ಗಟ್ಟಿ ಮಾಡಿಕೊಂಡು ಜನವರಿಯಲ್ಲಿ ಮತ್ತೆ ಬಂದರು. ಈ ಸಲ ಪುಟಿಯಿತು.

ಆ ಚಿತ್ರೀಕರಣವನ್ನು ಹಿಡಿದುಕೊಂಡು ವಾಲಿಸ್ ಕಚೇರಿಯಿಂದ ಕಚೇರಿಗೆ ಅಲೆದರು. ಬಾಂಬರ್ ಪಡೆಯ ಮುಖ್ಯಸ್ಥ ಆರ್ಥರ್ ಹ್ಯಾರಿಸ್ 1943ರ ಫೆಬ್ರವರಿಯಲ್ಲಿ ಇದನ್ನು ಶುದ್ಧ ಬೊಗಳೆ ಎಂಬ ಅರ್ಥದಲ್ಲಿ ಬರೆದು ತಳ್ಳಿಹಾಕಿದರು. ಅವರ ಭಯ ಬೇರೆ ಇತ್ತು. ಲ್ಯಾಂಕಾಸ್ಟರ್‌ಗಳು ಆಗ ಬಂಗಾರಕ್ಕೆ ಸಮ. ಒಂದು ಪ್ರಯೋಗಕ್ಕಾಗಿ ಅವನ್ನು ಕಿತ್ತುಕೊಳ್ಳುತ್ತಾರೆ ಎಂದು ಅವರಿಗೆ ಕೋಪ. ಫೆಬ್ರವರಿ 23ರಂದು ವಿಕರ್ಸ್‌ನ ಅಧ್ಯಕ್ಷ ಚಾರ್ಲ್ಸ್ ಕ್ರೇವನ್ ವಾಲಿಸ್‌ರನ್ನು ಕರೆಸಿ, ಈ ಅಣೆಕಟ್ಟಿನ ಹುಚ್ಚಾಟ ನಿಲ್ಲಿಸಿ ಎಂದರು. ವಾಲಿಸ್ ರಾಜೀನಾಮೆ ಕೊಡಲು ಮುಂದಾದರು.

ಮೂರೇ ದಿನ. ಫೆಬ್ರವರಿ 26ರಂದು ನಡೆದ ಸಭೆಯಲ್ಲಿ ಅದೇ ವಾಲಿಸ್‌ಗೆ, ಅದೇ ಕ್ರೇವನ್ ಎದುರಿಗೆ, ಬಾಂಬು ಮಾಡಿ ಎಂಬ ಆದೇಶ ಸಿಕ್ಕಿತು. ವಾಯುಪಡೆಯ ಮುಖ್ಯಸ್ಥ ಚಾರ್ಲ್ಸ್ ಪೋರ್ಟಲ್ ಹ್ಯಾರಿಸ್ ಮಾತನ್ನು ಮೀರಿ ಒಪ್ಪಿದ್ದರು. ಕೆಲಸಗಾರನಿಗೆ ಕೆಟ್ಟ ಸುದ್ದಿ ಯಾವುದು ಗೊತ್ತಾ? ಕೇಳಿದ್ದೆಲ್ಲ ಸಿಗುವುದು. ಕಟ್ಟೆಗಳು ತುಂಬಿ ನಿಲ್ಲುವುದು ಮೇ ತಿಂಗಳಲ್ಲಿ. ಹುಣ್ಣಿಮೆಯ ಬೆಳಕೂ ಬೇಕು. ಮೇ 26 ದಾಟಿದರೆ ಇನ್ನೊಂದು ವರ್ಷ ಕಾಯಬೇಕು. ಆ ಹೊತ್ತಿಗೆ ಪೂರ್ತಿ ಅಳತೆಯ ಬಾಂಬಿನ ಕೊನೆಯ ನಕ್ಷೆಯೂ ಮುಗಿದಿರಲಿಲ್ಲ.

ರಿಕಲ್ವರ್‌ನ ದಂಡೆ

ಏಪ್ರಿಲ್‌ನಲ್ಲಿ ಕೆಂಟ್ ಸೀಮೆಯ ರಿಕಲ್ವರ್ ಕಡಲ ದಂಡೆಯಲ್ಲಿ ನಿಜ ಗಾತ್ರದ ಪರೀಕ್ಷೆ. ವಾಲಿಸ್ ಮನಸ್ಸಿನಲ್ಲಿದ್ದದ್ದು ಗುಂಡನೆಯ ಬಾಂಬು. ಉಕ್ಕಿನ ಡ್ರಮ್ಮಿನ ಸುತ್ತ ಮರದ ಕವಚ ಕಟ್ಟಿ ಅದನ್ನು ದುಂಡಗೆ ಮಾಡಿದ್ದರು. ಬಿದ್ದ ಕೂಡಲೇ ಮರ ಚೂರು ಚೂರು. ಕವಚ ಬಲಪಡಿಸಿ ಮತ್ತೆ ಬೀಳಿಸಿದರು, ಮತ್ತೆ ಚೂರು. 55 ವರ್ಷದ ವಾಲಿಸ್ ಬಟ್ಟೆ ಬಿಚ್ಚಿಟ್ಟು ಏಪ್ರಿಲ್‌ನ ಕೊರೆಯುವ ನೀರಿಗೆ ಇಳಿದು ಒಡೆದ ತುಂಡುಗಳನ್ನು ಹುಡುಕಿದರು. ಎಲ್ಲಿ ಸೀಳಿದೆ ಎಂದು ಕಣ್ಣಾರೆ ನೋಡಬೇಕಿತ್ತು.

ಒಂದು ಸಲ ಮರವೆಲ್ಲ ಉದುರಿಹೋದ ಮೇಲೂ ಒಳಗಿನ ಬೋಳು ಉಕ್ಕಿನ ಡ್ರಮ್ ಮಾತ್ರ ಪುಟಿಯುತ್ತಾ ಮುಂದೆ ಓಡಿತು. ಒಂದು ವರ್ಷದಿಂದ ಗುಂಡನೆಯ ಆಕಾರವನ್ನು ಸಭೆ ಸಭೆಗಳಲ್ಲಿ ಸಮರ್ಥಿಸಿಕೊಂಡು ಬಂದವರು ಇವರೇ. ಆ ಹೊಸ ಟಿಪ್ಪಣಿಯ ತಲೆಬರಹದಲ್ಲೇ ‘ಗುಂಡನೆಯ ಬಾಂಬು’ ಎಂದಿತ್ತು. ಅದನ್ನು ಅಲ್ಲೇ ಬಿಟ್ಟರು. ಮರ ಬೇಡ, ಡ್ರಮ್ಮೇ ಬಾಂಬು.

ನನಗೆ ವಾಲಿಸ್ ದೊಡ್ಡವರಾಗಿ ಕಾಣುವುದು ಈ ಕ್ಷಣದಲ್ಲಿ. ಗೋಲಿ ಹಾರಿಸುವ ಬುದ್ಧಿ ಹಲವರಿಗೆ ಇರುತ್ತದೆ. ಗಡುವಿಗೆ ನಾಲ್ಕು ವಾರ ಇರುವಾಗ ತನ್ನದೇ ನಕ್ಷೆಯನ್ನು ಹರಿದು ಹಾಕುವ ಎದೆಗಾರಿಕೆ ಅಪರೂಪ. ನಮ್ಮ ಕಚೇರಿಗಳಲ್ಲಿ ಒಂದು ಎಕ್ಸೆಲ್ ಶೀಟಿನ ಕಾಲಮ್ ಬದಲಿಸಲು ಎಷ್ಟು ಮುನಿಸು ನೋಡುತ್ತೇವೆ!

ಡ್ರಮ್ಮಿಗೆ ಒಂದು ಬೆಲೆ ತೆರಬೇಕಿತ್ತು. ವಿಮಾನ ಇನ್ನೂ ಕೆಳಗೆ ಹಾರಬೇಕು. 150 ಅಡಿ ಎಂದು ಇದ್ದದ್ದನ್ನು 60 ಅಡಿಗೆ ಇಳಿಸಬಹುದಾ ಎಂದು ವಾಲಿಸ್ ಕೇಳಿದ್ದು ಗೈ ಗಿಬ್ಸನ್‌ರನ್ನು. ಮಾರ್ಚ್‌ನಲ್ಲಿ ಸ್ಕ್ಯಾಂಪ್ಟನ್ ನೆಲೆಯಲ್ಲಿ ಹುಟ್ಟಿದ 617ನೇ ಸ್ಕ್ವಾಡ್ರನ್ನಿನ ನಾಯಕ, ವಯಸ್ಸು 24. ರಾತ್ರಿ ಹೊತ್ತು, ನೀರಿನ ಮೇಲೆ 60 ಅಡಿ ಎಂದರೆ ಐದಾರು ಮಹಡಿ ಎತ್ತರ. ಗಂಟೆಗೆ 370 ಕಿಲೋಮೀಟರ್ ವೇಗ. ರೆಪ್ಪೆ ಮುಚ್ಚಿ ತೆರೆಯುವುದರಲ್ಲಿ ನೀರಿಗೆ ಬಡಿಯಬಹುದು. ಗಿಬ್ಸನ್ ಆಗುತ್ತದೆ ಎಂದರು.

ಕತ್ತಲಲ್ಲಿ 60 ಅಡಿ ಅಳೆಯುವುದು ಹೇಗೆ? ಆಗಿನ ಎತ್ತರಮಾಪಕಗಳು ಅಷ್ಟು ಸೂಕ್ಷ್ಮವಾಗಿರಲಿಲ್ಲ. ಬೆಂಜಮಿನ್ ಲಾಕ್‌ಸ್ಪೈಸರ್ ಎಂಬ ಅಧಿಕಾರಿಯ ಸಲಹೆಯಂತೆ ವಿಮಾನದ ಹೊಟ್ಟೆಯಡಿ ಎರಡು ದೀಪ ಕಟ್ಟಿದರು. 60 ಅಡಿಯಲ್ಲಿ ಎರಡೂ ಬೆಳಕಿನ ವೃತ್ತ ನೀರಿನ ಮೇಲೆ ಒಂದಕ್ಕೊಂದು ತಾಗುವಂತೆ ಓರೆ ಮಾಡಿದ್ದರು. ಕಟ್ಟೆಯಿಂದ ಸುಮಾರು 400 ಮೀಟರ್ ದೂರದಲ್ಲಿ ಬಾಂಬು ಬಿಡಬೇಕು. ಆ ದೂರ ತಿಳಿಯಲು ಒಂದು ಕವಲೊಡೆದ ಮರದ ಪಟ್ಟಿ, ಎರಡು ಮೊಳೆ. ಕಣ್ಣಿಗೆ ಹಿಡಿದು ನೋಡಿದಾಗ ಮೊಳೆಗಳು ಕಟ್ಟೆಯ ಎರಡು ಗೋಪುರಗಳ ಜೊತೆ ಸರಿಯಾಗಿ ಕೂತರೆ ದೂರ ಸರಿ ಇದೆ ಎಂದರ್ಥ. ಕೆಲವು ಹುಡುಗರಿಗೆ ಅದೂ ಹಿಡಿಸಲಿಲ್ಲ, ದಾರ ಕಟ್ಟಿ ತಮ್ಮದೇ ಉಪಾಯ ಮಾಡಿಕೊಂಡರು.

ಕೊನೆಗೆ ತಯಾರಾದ ಬಾಂಬು ಸುಮಾರು ಐದು ಅಡಿ ಉದ್ದದ ಉಕ್ಕಿನ ಡ್ರಮ್, ತೂಕ 9,250 ಪೌಂಡ್. ಅದರಲ್ಲಿ 6,600 ಪೌಂಡ್ ಟಾರ್ಪೆಕ್ಸ್ ಎಂಬ ಸಿಡಿಮದ್ದು. ಲ್ಯಾಂಕಾಸ್ಟರ್‌ನ ಹೊಟ್ಟೆಯ ಬಾಗಿಲು ತೆಗೆದು, ಎರಡು ಕೈಗಳ ನಡುವೆ ಅದನ್ನು ಅಡ್ಡಡ್ಡ ತೂಗುಹಾಕಿದರು. ಒಂದು ಮೋಟಾರು ಬೆಲ್ಟಿನ ಮೂಲಕ ಅದನ್ನು ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗಿಸುತ್ತಿತ್ತು. ಮದ್ದು ತುಂಬಿದ ಬಾಂಬನ್ನು ಪೂರ್ತಿಯಾಗಿ ಪರೀಕ್ಷಿಸಿದ್ದು ಮೇ 13ರಂದು. ದಾಳಿಗೆ ಮೂರು ದಿನ ಮುಂಚೆ!

ಆ ರಾತ್ರಿ

1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್‌ಗಳು, 133 ಜನ ಹೊರಟರು. ವಾಲಿಸ್ ಗ್ರಾಂಥಮ್‌ನ ಕಾರ್ಯಾಚರಣೆ ಕೋಣೆಯಲ್ಲಿ, ಹ್ಯಾರಿಸ್ ಜೊತೆ ಕಾಯುತ್ತಿದ್ದರು.

ಮೋನೆಯಲ್ಲಿ ಗಿಬ್ಸನ್ ಹಾಕಿದ ಮೊದಲ ಬಾಂಬು ಗೋಡೆ ಮುಟ್ಟಲಿಲ್ಲ. ಎರಡನೆಯದಾಗಿ ಬಂದ ಹಾಪ್‌ಗುಡ್ ವಿಮಾನಕ್ಕೆ ಗುಂಡು ಬಿದ್ದು ಬೆಂಕಿ ಹತ್ತಿತ್ತು. ಅವರ ಬಾಂಬು ಕಟ್ಟೆ ಹಾರಿ ಆಚೆಯ ವಿದ್ಯುತ್ ಕೇಂದ್ರದ ಮೇಲೆ ಸಿಡಿಯಿತು, ವಿಮಾನ ಬಿತ್ತು. ಮೂರನೆಯದು ಎಡಕ್ಕೆ ಸರಿಯಿತು. ಪ್ರತಿ ಸಲವೂ ಗ್ರಾಂಥಮ್‌ಗೆ ‘ಒಡೆದಿಲ್ಲ’ ಎಂಬ ಸಂಕೇತ. ನಾಲ್ಕನೆಯದು ಯಂಗ್ ಅವರದ್ದು, ಸರಿಯಾಗಿ ತಾಗಿತು. ಕಟ್ಟೆ ನಿಂತೇ ಇತ್ತು. ಐದನೆಯದಾಗಿ ಮಾಲ್ಟ್‌ಬಿ ಹತ್ತಿರ ಬರುವಾಗಲೇ ಕಟ್ಟೆಯ ನೆತ್ತಿ ಕುಸಿಯುತ್ತಿರುವುದು ಕಂಡಿತು. ಆದರೂ ತಮ್ಮ ಬಾಂಬು ಹಾಕಿದರು. 70 ಮೀಟರಿಗೂ ಅಗಲವಾದ ಕಂಡಿ ಬಿತ್ತು.

ಉಳಿದ ಬಾಂಬುಗಳೊಂದಿಗೆ ಏಡರ್‌ಗೆ ಹೋದರು. ಅಲ್ಲಿ ತೋಪುಗಳಿರಲಿಲ್ಲ, ಗುಡ್ಡಗಳೇ ಕಾವಲು. ಕಡಿದಾದ ಇಳಿಜಾರಿನಲ್ಲಿ ಜಾರಿ ಬಂದು ಕೂಡಲೇ 60 ಅಡಿಗೆ ಸಮವಾಗಬೇಕು. ಮೂರನೆಯ ಬಾಂಬು, ನೈಟ್ ಹಾಕಿದ್ದು, ಕಟ್ಟೆಯನ್ನು ಒಡೆಯಿತು. ಸೋರ್ಪೆ ಒಡೆಯಲಿಲ್ಲ. ಅದು ಕಲ್ಲಿನ ಗೋಡೆಯಲ್ಲ, ನಡುವೆ ಕಾಂಕ್ರೀಟ್ ಇಟ್ಟು ಮಣ್ಣು ಪೇರಿಸಿದ ಏರಿ. ಅಂಥದ್ದಕ್ಕೆ ಈ ಬಾಂಬು ಹೊಂದುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಅಲ್ಲಿ ಸುತ್ತಿಸದೆಯೇ ಏರಿಯ ಉದ್ದಕ್ಕೆ ಹಾರಿ ಬೀಳಿಸಿದರು. ನೆತ್ತಿ ಸ್ವಲ್ಪ ಉದುರಿತು, ಅಷ್ಟೇ.

ಗ್ರಾಂಥಮ್‌ನಲ್ಲಿ ಹ್ಯಾರಿಸ್ ವಾಲಿಸ್‌ರ ಕೈ ಕುಲುಕಿದರು. ಬೆಳಗಾಗುತ್ತಾ ಸ್ಕ್ಯಾಂಪ್ಟನ್‌ನಿಂದ ಎಣಿಕೆ ಬಂತು. 8 ವಿಮಾನ ಮರಳಲಿಲ್ಲ. 53 ಹುಡುಗರು ಸತ್ತರು, 3 ಜನ ಸೆರೆಸಿಕ್ಕರು. ಹೋದವರಲ್ಲಿ ಹತ್ತಕ್ಕೆ ನಾಲ್ವರು. ವಾಲಿಸ್ ಕುಸಿದುಹೋದರು. ಆ ಹುಡುಗರನ್ನು ಕೊಂದದ್ದು ತಾನೇ ಎಂಬ ಭಾವನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ಕಂಡಿಯ ಕೆಳಗೆ

ಕಟ್ಟೆಯ ಕೆಳಗಿನ ಕಣಿವೆಗಳಲ್ಲಿ ಸತ್ತವರು ಸುಮಾರು 1,300ರಿಂದ 1,600 ಜನ. ಅವರಲ್ಲಿ ದೊಡ್ಡ ಪಾಲು ಜರ್ಮನ್ನರದ್ದೇ ಅಲ್ಲ. ನೇಹೈಮ್ ಊರಿನ ಹತ್ತಿರ ಸೋವಿಯತ್ ನಾಡಿನಿಂದ ಹಿಡಿದು ತಂದ ಹೆಂಗಸರನ್ನು ಜೀತಕ್ಕೆ ಇಟ್ಟಿದ್ದ ಶಿಬಿರ ಇತ್ತು. ನೂರಾರು ಹೆಂಗಸರು ಅಲ್ಲೇ ಕೊಚ್ಚಿ ಹೋದರು. ಬ್ರಿಟನ್ನು ಯಾರ ಪರವಾಗಿ ಯುದ್ಧ ಮಾಡುತ್ತಿತ್ತೋ ಅವರೇ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಹೊಸ ನಿಯಮಗಳಲ್ಲಿ ಅಣೆಕಟ್ಟುಗಳ ಮೇಲಿನ ಇಂಥ ದಾಳಿಯನ್ನು ತಡೆಯುವ ಕಲಮು ಬಂತು.

ಯುದ್ಧದ ಲಾಭ ಎಷ್ಟಾಯಿತು? ಕೆಲವು ವಾರ ರೂರ್‌ನಲ್ಲಿ ನೀರು, ವಿದ್ಯುತ್ತು ಕೈಕೊಟ್ಟವು. ಸೇತುವೆಗಳು ಹೋದವು, ಹೊಲಗಳ ಮೇಲ್ಮಣ್ಣು ಕೊಚ್ಚಿಹೋಯಿತು. ಆದರೆ ಜರ್ಮನ್ ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್ ಸಾವಿರಾರು ಕೆಲಸಗಾರರನ್ನು ಫ್ರಾನ್ಸಿನ ಕರಾವಳಿ ಕೋಟೆ ಕೆಲಸದಿಂದ ಎತ್ತಿ ತಂದು, ಸೆಪ್ಟೆಂಬರ್ ಮುಗಿಯುವುದರೊಳಗೆ ಮೋನೆಯ ಕಂಡಿ ಮುಚ್ಚಿಸಿದರು. ಮಳೆಗಾಲದ ನೀರು ಹಿಡಿಯಲು ಸರಿಯಾದ ಹೊತ್ತಿಗೆ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಇದೇ. ನಾಲ್ಕು ತಿಂಗಳು ಆ ಕಂಡಿ ತೆರೆದೇ ಇತ್ತು. ಮರದ ಸಾರುವೆ, ಕಲ್ಲು, ಸಾವಿರಾರು ಆಳು, ಎಲ್ಲ ಆಕಾಶಕ್ಕೆ ಕಾಣುವಂತೆ. ಬ್ರಿಟಿಷ್ ವಿಮಾನಗಳು ಬಂದು ಫೋಟೋ ತೆಗೆದವು. ಬಾಂಬು ಹಾಕಲು ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಸ್ಪೀರ್ ಯುದ್ಧ ಮುಗಿದ ಮೇಲೂ ಆಶ್ಚರ್ಯಪಟ್ಟರು. ಮಾಮೂಲಿ ಬಾಂಬುಗಳೇ ಸಾಕಾಗುತ್ತಿತ್ತು. ಗೋಡೆಯ ಪ್ರಶ್ನೆಯನ್ನು 30 ಅಡಿ ಆಳ, 500 ಸುತ್ತು, 400 ಮೀಟರ್ ಎಂದು ಅಷ್ಟು ಚೊಕ್ಕವಾಗಿ ಬಿಡಿಸಿದರು. ಒಡೆದ ಮರುದಿನ ಏನು ಮಾಡುವುದು ಎಂಬುದು ಮಾತ್ರ ಯಾರ ಮೇಜಿನ ಮೇಲೂ ಇರಲಿಲ್ಲ. ಅದು ವಾಲಿಸ್ ಕೆಲಸವಲ್ಲ, ನಿಜ. ಹ್ಯಾರಿಸ್ ಕೆಲಸ. ಮೊದಲಿಂದಲೂ ಮನಸ್ಸಿಲ್ಲದೆ ಒಪ್ಪಿದವರು ಎರಡನೇ ಹೆಜ್ಜೆಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ?

ಇನ್ನೊಂದು ಮಾತು. ಗುಟ್ಟು ಅದೇ ರಾತ್ರಿ ಹೊರಬಿತ್ತು. ಬಾರ್ಲೋ ಅವರ ವಿಮಾನ ದಾರಿಯಲ್ಲಿ ವಿದ್ಯುತ್ ತಂತಿಗೆ ಸಿಕ್ಕಿ ಬಿತ್ತು. ಬಾಂಬು ಸಿಡಿಯದೆ ಹೊಲದಲ್ಲಿ ಉರುಳಿತ್ತು. ಜರ್ಮನ್ನರು ಅದನ್ನು ಬಿಚ್ಚಿ ಅಳತೆ ಸಮೇತ ನಕ್ಷೆ ಬರೆದುಕೊಂಡರು. ಬ್ರಿಟಿಷರು ಈ ಬಾಂಬನ್ನು ಮತ್ತೆ ಯುದ್ಧದಲ್ಲಿ ಬಳಸಲಿಲ್ಲ. ಹಡಗುಗಳಿಗೆಂದು ಮಾಡಿದ ಇದರ ತಮ್ಮ, ಹೈಬಾಲ್, ಒಮ್ಮೆಯೂ ಯುದ್ಧ ನೋಡಲಿಲ್ಲ.

ಆಮೇಲೆ

ದಾಳಿ ಕೊಟ್ಟ ನಿಜವಾದ ಲಾಭ ಬಹುಶಃ ವಾಲಿಸ್ ಮಾತಿಗೆ ಬಂದ ತೂಕ. 1941ರಲ್ಲಿ ಮೂಲೆಗೆ ಸರಿಸಿದ್ದ ಆ ನೆಲ ನಡುಗಿಸುವ ಬಾಂಬಿಗೆ ಈಗ ಹೂಂ ಎಂದರು. 12,000 ಪೌಂಡಿನ ಟಾಲ್‌ಬಾಯ್ 1944ರ ಜೂನ್‌ನಲ್ಲಿ ಫ್ರಾನ್ಸಿನ ಸೋಮೂರ್ ರೈಲು ಸುರಂಗವನ್ನು ಮುಚ್ಚಿತು, ನವೆಂಬರ್‌ನಲ್ಲಿ ಟಿರ್ಪಿಟ್ಸ್ ಯುದ್ಧನೌಕೆಯನ್ನು ಮಗುಚಿತು. ಅದರ ಅಣ್ಣ, 22,000 ಪೌಂಡಿನ ಗ್ರಾಂಡ್ ಸ್ಲ್ಯಾಮ್, 1945ರ ಮಾರ್ಚ್ 14ರಂದು ಬೀಲೆಫೆಲ್ಡ್ ರೈಲು ಸೇತುವೆಯನ್ನು ಕೆಡವಿತು. ಎರಡನ್ನೂ ಹೊತ್ತದ್ದು ಲ್ಯಾಂಕಾಸ್ಟರ್. ಆರು ಎಂಜಿನ್ನಿನ ವಿಮಾನ ಬೇಕಾಗಲೇ ಇಲ್ಲ. 1941ರಲ್ಲಿ ಬೇಡ ಎಂದವರು ಅರ್ಧ ಸರಿಯಿದ್ದರು.

ಯುದ್ಧ ಮುಗಿದ ಮೇಲೆ ಸಂಶೋಧಕರಿಗೆ ಬಹುಮಾನ ಕೊಡುವ ಆಯೋಗ ವಾಲಿಸ್‌ಗೆ 10,000 ಪೌಂಡ್ ಕೊಟ್ಟಿತು. ಅವರು ಅದನ್ನು ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಗೆ ಕೊಟ್ಟುಬಿಟ್ಟರು. ಸತ್ತ ವಾಯುಪಡೆಯವರ ಮಕ್ಕಳ ಓದಿಗಾಗಿ.

1950ರ ದಶಕದಲ್ಲಿ ಅವರು ಹಾರುತ್ತಲೇ ರೆಕ್ಕೆಯ ಓರೆ ಬದಲಿಸುವ ವಿಮಾನಗಳ ಮೇಲೆ ಕೆಲಸ ಮಾಡಿದರು, ವೈಲ್ಡ್ ಗೂಸ್, ಆಮೇಲೆ ಸ್ವಾಲೋ. ಕಾರ್ನ್‌ವಾಲ್‌ನ ಪ್ರಿಡಾನಕ್ ಹಳೆಯ ವಿಮಾನ ನೆಲೆಯಲ್ಲಿ ಆ ಮಾದರಿಗಳು ಹಾರಿದವು. ಕೆಲವು ಬಿದ್ದು ಮುರಿದವು. ಬಿದ್ದಾಗ ಯಾರೂ ಸಾಯಲಿಲ್ಲ. ಪೈಲಟ್ ಕೂರುವ ಜಾಗವೇ ಅವುಗಳಲ್ಲಿ ಇರಲಿಲ್ಲ. ನೆಲದ ಮೇಲೆ ನಿಂತು ರೇಡಿಯೋದಿಂದ ಹಾರಿಸುತ್ತಿದ್ದರು. ತನ್ನ ಪ್ರಯೋಗಕ್ಕೆ ಇನ್ನೊಬ್ಬ ಹುಡುಗನನ್ನು ಕಳಿಸುವುದಿಲ್ಲ ಎಂದು ವಾಲಿಸ್ ಹಟ ಹಿಡಿದಿದ್ದರು.